ಬೋರ್ ನೀರಿಗೆ ಒಪ್ಪುವ ಮೀನು: ನಮ್ಮ ಮಲಾವಿ ಟ್ಯಾಂಕ್ ಇಲ್ಲಿವರೆಗೆ

ಆಫ್ರಿಕಾದ ಸರೋವರಗಳ ಸಿಕ್ಲಿಡ್ ಎಂಬ ಮೀನುಗಳನ್ನು ಸಾಕಿರುವ ನಮ್ಮ ಟ್ಯಾಂಕ್ ಒಂದು ಹದಕ್ಕೆ ಬಂದಿದೆ, ಹಾಗಾಗಿ ಇಲ್ಲಿವರೆಗೆ ಆದದ್ದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ. ಅಳತೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. 10 ಎಂಎಂ ಗಾಜು. ಬರೀ ನೀರು ತುಂಬಿದರೆ ಸುಮಾರು 250 ಲೀಟರ್, ಕಲ್ಲು ಮರಳು ಹಾಕಿದ ಮೇಲೆ ಅಷ್ಟು ಹಿಡಿಯುವುದಿಲ್ಲ. ಎಲ್ಲ ಸೇರಿ 350 ಕೆಜಿ ದಾಟುತ್ತದೆ, ಅದಕ್ಕೇ ಸ್ಟ್ಯಾಂಡನ್ನು ಕಬ್ಬಿಣದ ಚೌಕ ಪೈಪಿನಲ್ಲಿ ಮಾಡಿಸಿ, ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮಕೋಲ್ ಹಾಕಿದ್ದೇನೆ. ಮರದ ಟೇಬಲ್ ಮೇಲೆ ಇಡುವ ಐಡಿಯಾ ಇದ್ದರೆ ಈಗಲೇ ಬಿಟ್ಟುಬಿಡಿ.

ಆಫ್ರಿಕನ್ ಸಿಕ್ಲಿಡ್ ಯಾಕೆ ಅಂದರೆ, ನೀರು. ಬೆಂಗಳೂರಿನ ನಮ್ಮ ಏರಿಯಾದಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಉಳಿದದ್ದೆಲ್ಲ ಬೋರ್. ನಲ್ಲಿ ಬಾಯಿಗೆಲ್ಲ ಬಿಳಿ ಪೊರೆ ಕಟ್ಟುವಂಥ ಗಡಸು ನೀರು. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಇಟ್ಟರೆ 700 ತೋರಿಸುತ್ತದೆ. ಇದರಲ್ಲಿ ಡಿಸ್ಕಸ್, ಕಾರ್ಡಿನಲ್ ಟೆಟ್ರಾದಂಥ ಮೆದು ನೀರಿನ ಮೀನು ಸಾಕಬೇಕೆಂದರೆ ಪ್ರತಿ ವಾರ ಆರ್‌ಓ ನೀರು ಹಿಡಿದು ಬೆರೆಸುತ್ತಾ ಕೂರಬೇಕು. ಅಷ್ಟೆಲ್ಲ ಒದ್ದಾಡುವ ಬದಲು ನಮ್ಮ ನೀರಿಗೆ ಒಪ್ಪುವ ಮೀನನ್ನೇ ತಂದರೆ ಆಯ್ತಲ್ವಾ? ಪೈಪ್ ಕೆಲಸಕ್ಕೆ ಬಂದ ಪ್ಲಂಬರ್ ಮಾತ್ರ ನಂಬಲಿಲ್ಲ. "ಸಾರ್, ಈ ನೀರಲ್ಲಿ ಬೇಳೆನೇ ಬೇಯಲ್ಲ, ಮೀನು ಬದುಕುತ್ತಾ?" ಅಂದರು.

ಮಲಾವಿ, ಟಾಂಗನಿಕಾ, ವಿಕ್ಟೋರಿಯಾ, ಈ ಮೂರು ದೊಡ್ಡ ಸರೋವರಗಳಿಗೂ ಅವುಗಳದ್ದೇ ಸಿಕ್ಲಿಡ್‌ಗಳಿವೆ. ನಾನು ತಂದದ್ದು ಮಲಾವಿಯ ಎಂಬೂನಾಗಳು. ಆ ಸರೋವರ ಮಲಾವಿ, ಮೊಜಾಂಬಿಕ್, ಟಾಂಜಾನಿಯಾ ದೇಶಗಳ ನಡುವೆ ಇದೆ, ಆಳ 700 ಮೀಟರ್ ಮುಟ್ಟುತ್ತದೆ. ಆದರೆ ಎಂಬೂನಾಗಳು ಹೆಚ್ಚಾಗಿ ಇರುವುದು ದಡದ ಹತ್ತಿರ, ಬಿಸಿಲು ಬೀಳುವ ಬಂಡೆಗಳಲ್ಲಿ. ಬಂಡೆ ಮೇಲಿನ ಪಾಚಿ, ಅದರೊಳಗಿನ ಸಣ್ಣಪುಟ್ಟ ಹುಳು, ಇದನ್ನು ಕೆರೆದು ತಿನ್ನುವುದೇ ಅವಕ್ಕೆ ದಿನವಿಡೀ ಕೆಲಸ.

ನೀರಿನ ಬಗ್ಗೆ ಒಂದು ಮಾತು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಆಫ್ರಿಕನ್ ಅಂದರೆ ನೀರು ಎಷ್ಟು ಗಡಸಿದ್ದರೆ ಅಷ್ಟು ಒಳ್ಳೆಯದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಟಾಂಗನಿಕಾಗೆ ಅದು ಸ್ವಲ್ಪ ಮಟ್ಟಿಗೆ ನಿಜ, ಮಲಾವಿ ನೀರು ಅಷ್ಟೇನೂ ಗಡಸಲ್ಲ, ನಮ್ಮ ಬೋರ್ ನೀರು ಅದಕ್ಕಿಂತ ಎಷ್ಟೋ ಪಾಲು ಗಡಸು. ಮಲಾವಿ ಮೀನಿಗೆ ಬೇಕಾದದ್ದು 7.8ರಿಂದ 8.6ರ ಒಳಗೆ ಅಲುಗಾಡದೆ ನಿಲ್ಲುವ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ). ಅದನ್ನು ಹಿಡಿದು ನಿಲ್ಲಿಸುವುದು ನೀರಿನಲ್ಲಿರುವ ಕಾರ್ಬೋನೇಟ್, ಅಂದರೆ ಟೆಸ್ಟ್ ಕಿಟ್‌ನಲ್ಲಿ ಕೆಎಚ್ ಅಂತ ಬರುವ ಅಂಕಿ. ಮೀನು ಜಾಸ್ತಿ ಇರುವ ಟ್ಯಾಂಕಿನಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಡೆಯುವಾಗ ಆಮ್ಲ ಹುಟ್ಟುತ್ತದೆ, ಅದು ದಿನಾ ಸ್ವಲ್ಪ ಸ್ವಲ್ಪ ಕೆಎಚ್ ತಿನ್ನುತ್ತಾ ಹೋಗುತ್ತದೆ. ಕೆಎಚ್ ಖಾಲಿಯಾದ ದಿನ ಪಿಎಚ್ ಧಡಕ್ಕನೆ ಬೀಳುತ್ತದೆ. ಬೋರ್ ನೀರಿನಲ್ಲಿ ಈ ಭಯ ಇಲ್ಲ, ಅಷ್ಟೇ ಅದರ ದೊಡ್ಡ ಗುಣ. ನಾನು ಅರ್ಧ ಬೋರ್, ಅರ್ಧ ಕಾವೇರಿ ಹಾಕುತ್ತೇನೆ. ಕಾವೇರಿಯಲ್ಲಿ ಕ್ಲೋರಿನ್ ಇರುವುದರಿಂದ ಅದಕ್ಕೆ ಕ್ಲೋರಿನ್ ತೆಗೆಯುವ ಹೈಪೋ ಹರಳು ಕಡ್ಡಾಯ.

ಇನ್ನೊಂದು ಮಜಾ ನೋಡಿ. ಬೋರ್ ನೀರು ನಲ್ಲಿಯಿಂದ ಹಿಡಿದ ತಕ್ಷಣ ಪಿಎಚ್ 7.2 ತೋರಿಸಿತು, ರಾತ್ರಿಯಿಡೀ ಏರ್ ಪಂಪ್ ಬಿಟ್ಟು ಬೆಳಿಗ್ಗೆ ನೋಡಿದರೆ 8.1. ನೆಲದೊಳಗಿನ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವುದರಿಂದ ಹೀಗೆ. ನಲ್ಲಿ ನೀರಿನ ಟೆಸ್ಟ್ ನೋಡಿ ಅಂಗಡಿಗೆ ಓಡಿ ಪಿಎಚ್ ಏರಿಸುವ ಪುಡಿ ತರಬೇಡಿ, ಸುಮ್ನೆ ದುಡ್ಡು ದಂಡ.

ಕಲ್ಲು ಜೋಡಿಸುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಗ್ರಾನೈಟ್ ಅಂಗಡಿಯ ಹೊರಗೆ ಬಿದ್ದಿದ್ದ ತುಂಡುಗಳು, ಜೊತೆಗೆ ಶಹಾಬಾದ್ ಕಲ್ಲಿನ ಒಡೆದ ಚಪ್ಪಡಿ. ಗ್ರಾನೈಟ್ ನೀರಿಗೆ ಏನೂ ಮಾಡುವುದಿಲ್ಲ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಮಾತ್ರ ಸುಣ್ಣದ ಕಲ್ಲು, ಟಾಯ್ಲೆಟ್ ಕ್ಲೀನರ್ ಒಂದು ಹನಿ ಬಿಟ್ಟರೆ ಬುಸ್ ಅಂತ ನೊರೆ ಬರುತ್ತದೆ. (ಟೆಸ್ಟ್ ಮಾಡಿದ ತುಂಡನ್ನು ಟ್ಯಾಂಕಿಗೆ ಹಾಕಬೇಡಿ.) ಬೇರೆ ಮೀನಿನವರು ಇಂಥ ಕಲ್ಲು ಕಂಡರೆ ದೂರ ಓಡುತ್ತಾರೆ, ನಮಗೆ ಇದೇ ಬೇಕು. ಚಪ್ಪಟೆಯಾಗಿ ಇರುವುದರಿಂದ ಒಂದರ ಮೇಲೊಂದು ಇಟ್ಟು ಗೂಡು ಮಾಡುವುದೂ ಸುಲಭ.

ಮೊದಲು ಕಲ್ಲು, ಆಮೇಲೆ ಮರಳು. ಈ ಮೀನುಗಳಿಗೆ ಅಗೆಯುವ ಚಟ. ಮರಳಿನ ಮೇಲೆ ಕಲ್ಲು ಇಟ್ಟರೆ ಅಡಿಯಿಂದ ತೋಡಿ ತೋಡಿ ಬೀಳಿಸುತ್ತವೆ, ಗಾಜು ಒಡೆದರೆ ಹಾಲ್ ತುಂಬಾ ನೀರು. ಅದಕ್ಕೆ ತಳದ ಗಾಜಿನ ಮೇಲೆ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಕಲ್ಲು ಗಟ್ಟಿಯಾಗಿ ಕೂರಿಸಿ, ಕೊನೆಗೆ ಮರಳು ಸುರಿದೆ. ಎಂ ಸ್ಯಾಂಡ್ ಬೇಡ, ಅದರ ಅಂಚು ಚೂಪು, ಇವು ಬಾಯಿ ತುಂಬಾ ಮರಳು ತುಂಬಿಕೊಂಡು ಉಗುಳುತ್ತಾ ಇರುತ್ತವೆ. ಸ್ವಿಮ್ಮಿಂಗ್ ಪೂಲ್ ಫಿಲ್ಟರಿಗೆ ಹಾಕುವ ಮರಳು ತಂದು ಚೆನ್ನಾಗಿ ತೊಳೆದು ಹಾಕಿದೆ.

ಮೀನು ತರುವ ಮುಂಚೆ ಫಿಲ್ಟರ್ ಪಳಗಿಸಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಬ್ಯಾಕ್ಟೀರಿಯಾ ಬೆಳೆಸಿದೆ. ಕಲಾಯಿಯವರು ಬಳಸುವ ನವಸಾಗರವೇ ಇದು, ಆದರೆ ಟ್ಯಾಂಕಿಗೆ ಶುದ್ಧವಾದದ್ದು ಬೇಕು, ಕೆಮಿಕಲ್ ಅಂಗಡಿಯಲ್ಲಿ ಕೇಳಿ. ಗೆಳೆಯರೊಬ್ಬರ ಟ್ಯಾಂಕಿನ ಹಳೇ ಸ್ಪಾಂಜ್ ನಮ್ಮ ಫಿಲ್ಟರ್ ಒಳಗೆ ತುರುಕಿದ ಮೇಲೆ ಕೆಲಸ ಬೇಗ ಆಯಿತು. ಆಫ್ರಿಕನ್ ಟ್ಯಾಂಕಿನಲ್ಲಿ ಈ ಹೆಜ್ಜೆ ಹಾರಿಸಿದರೆ ಬೇರೆ ಟ್ಯಾಂಕಿಗಿಂತ ಬೇಗ ಮೀನು ಸಾಯುತ್ತವೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷದ ಪಾಲು ಏರುತ್ತದೆ, 7ರಲ್ಲಿ ಇರುವುದಕ್ಕಿಂತ 8.2ರಲ್ಲಿ ಹತ್ತು ಪಟ್ಟಿಗೂ ಜಾಸ್ತಿ.

ಈಗ ಇರುವವರು ಮೂರು ಜಾತಿಯ ಎಂಬೂನಾಗಳು: ಯೆಲ್ಲೋ ಲ್ಯಾಬ್, ರಸ್ಟಿ, ಪೌಡರ್ ಬ್ಲೂ. ಎಲ್ಲ ಎರಡು ಇಂಚಿನ ಮರಿಗಳಾಗಿದ್ದಾಗ ಒಟ್ಟಿಗೇ ಬಿಟ್ಟೆ. ಅಂಗಡಿಯಲ್ಲಿ "ಮಿಕ್ಸ್ ಆಫ್ರಿಕನ್" ಅಂತ ಕಡಿಮೆ ರೇಟಿಗೆ ಕೊಡುತ್ತಾರೆ, ಅದರಲ್ಲಿ ಯಾವ ಜಾತಿ ಯಾವುದಕ್ಕೆ ಬೆರಕೆ ಅಂತ ಹೇಳುವುದು ಕಷ್ಟ, ಅರ್ಧಕ್ಕರ್ಧ ಗಂಡುಗಳೂ ಇರಬಹುದು. ಕಪ್ಪು ಹಳದಿ ಪಟ್ಟೆಯ ಆರಾಟಸ್ ಮರಿಯಾಗಿದ್ದಾಗ ಎಷ್ಟು ಮುದ್ದಾಗಿದ್ದರೂ ನಮ್ಮ ಮನೆಗೆ ಬೇಡ, ಬೆಳೆದ ಮೇಲೆ ಅದು ಯಾರನ್ನೂ ನೆಮ್ಮದಿಯಾಗಿ ಇರಲು ಬಿಡುವುದಿಲ್ಲ.

ಜಗಳ ಇದ್ದದ್ದೇ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಬೇಕು, ಟ್ಯಾಂಕ್ ಸ್ವಲ್ಪ ಕಿಕ್ಕಿರಿದೇ ಇರಬೇಕು. ಕಡಿಮೆ ಮೀನು ಇದ್ದರೆ ದಾದಾ ಮೀನು ಒಂದನ್ನೇ ಹಿಡಿದು ಬಡಿಯುತ್ತದೆ, ಜಾಸ್ತಿ ಇದ್ದರೆ ಏಟು ಎಲ್ಲರಿಗೂ ಹಂಚಿಹೋಗುತ್ತದೆ. ಒಂದು ಪೌಡರ್ ಬ್ಲೂ ಗಂಡು ಎಡಗಡೆಯ ಅರ್ಧ ಟ್ಯಾಂಕನ್ನೇ ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡಂತೆ ಆಡುತ್ತಿತ್ತು. ಕಲ್ಲುಗಳನ್ನೆಲ್ಲ ತೆಗೆದು ಬೇರೆ ಥರ ಜೋಡಿಸಿದೆ. ಗಡಿ ಅಳಿಸಿಹೋಯಿತು, ಎಲ್ಲರೂ ಹೊಸದಾಗಿ ಜಾಗ ಹುಡುಕುವುದರಲ್ಲಿ ಬಿಜಿ ಆದರು. ಈಗ ಪರವಾಗಿಲ್ಲ. ಮತ್ತೆ ಶುರು ಮಾಡಿದರೆ ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತೇನೆ.

ಊಟ ಸರಳ: ಸ್ಪಿರುಲಿನಾ (ಒಂದು ಬಗೆಯ ಪಾಚಿ) ಪೆಲೆಟ್, ದಿನಕ್ಕೆರಡು ಸಲ, ಒಂದು ನಿಮಿಷದಲ್ಲಿ ಖಾಲಿ ಆಗುವಷ್ಟು. ಆಗಾಗ ಬಿಸಿನೀರಲ್ಲಿ ಅದ್ದಿದ ಪಾಲಕ್, ಸಿಪ್ಪೆ ತೆಗೆದ ಬಟಾಣಿ. ಪಾಚಿ ತಿನ್ನುವ ಮೀನಿನ ಕರುಳು ಉದ್ದ, ಮಾಂಸದ ಫುಡ್ ಜಾಸ್ತಿಯಾದರೆ ಹೊಟ್ಟೆ ಉಬ್ಬುವ ಅಪಾಯ ಇದೆ. ಹಾಗೆ ಉಬ್ಬಿದ ಮೀನು ಉಳಿಯುವುದು ಕಷ್ಟ.

ಹೊಸ ಸುದ್ದಿ ಅಂದರೆ, ಒಂದು ರಸ್ಟಿ ಹೆಣ್ಣು ಊಟ ಬಿಟ್ಟು ಕಲ್ಲಿನ ಸಂದಿಯಲ್ಲೇ ಇದೆ. ಗಲ್ಲ ಊದಿದೆ, ಬಾಯಿ ಪೂರ್ತಿ ಮುಚ್ಚುತ್ತಿಲ್ಲ. ಮೊಟ್ಟೆ ಬಾಯಲ್ಲಿ ಇಟ್ಟುಕೊಂಡಿದೆ. ಈ ಮೀನುಗಳಲ್ಲಿ ಹೆಣ್ಣು ಮೊಟ್ಟೆ ಇಟ್ಟ ತಕ್ಷಣ ಅವನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ಗಂಡಿನ ಹೊಟ್ಟೆ ಕೆಳಗಿನ ರೆಕ್ಕೆಯಲ್ಲಿ ಮೊಟ್ಟೆಯಂಥ ಹಳದಿ ಚುಕ್ಕೆಗಳಿರುತ್ತವೆ, ಹೆಣ್ಣು ಅವುಗಳ ಹತ್ತಿರ ಬಾಯಿ ಇಟ್ಟಾಗ ಗಂಡಿನ ವೀರ್ಯ ಒಳಗೆ ಹೋಗಿ ಮೊಟ್ಟೆಗೆ ಸೇರುತ್ತದೆ. ಹೆಚ್ಚುಕಡಿಮೆ ಮೂರು ವಾರ ತಾಯಿ ಸರಿಯಾಗಿ ಏನೂ ತಿನ್ನುವುದಿಲ್ಲ. ಬೇರೆ ತೊಟ್ಟಿಗೆ ಹಾಕಿ ಅಂತ ಕೆಲವರು ಹೇಳಿದರು. ನಾನು ಹಾಕಿಲ್ಲ. ಸಂದಿಗಳು ಬೇಕಾದಷ್ಟಿವೆ, ಉಳಿಯುವ ಮರಿ ಉಳಿಯಲಿ, ನನಗೆ ನೂರಾರು ಮರಿ ಇಡಲು ಜಾಗವೂ ಇಲ್ಲ.

ವಾರಕ್ಕೊಮ್ಮೆ ಶೇಕಡಾ 40 ನೀರು ಬದಲು. ತೆಗೆದ ನೀರು ಬಾಲ್ಕನಿ ಗಿಡಗಳಿಗೆ. ಡಿಸೆಂಬರ್ ಜನವರಿ ರಾತ್ರಿಗಳಲ್ಲಿ ಹೀಟರ್ 26 ಡಿಗ್ರಿಗೆ ಇಡುತ್ತೇನೆ. ಮುಂದಿನ ಕೆಲಸ ಬೇಸಿಗೆಯದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಆಗಲೇ ಕರೆಂಟೂ ಹೋಗುತ್ತದೆ. ಈ ತಿಂಗಳಲ್ಲೇ ಒಂದು ಏರ್ ಪಂಪಿನ ವೈರ್ ಇನ್ವರ್ಟರ್ ಲೈನಿಗೆ ಎಳೆಸಬೇಕು, ಮೇಲಿನ ಗಾಜಿನ ಮುಚ್ಚಳ ತೆಗೆದು ಜಾಲರಿ ಹಾಕಿ ಸಣ್ಣ ಫ್ಯಾನ್ ಕೂರಿಸಬೇಕು. ಮರಿ ಹೊರಗೆ ಬಂದರೆ ಫೋಟೋ ಹಾಕುತ್ತೇನೆ.