ಬಸ್ ಬರುವ ಮುಂಚೆ

ಇವತ್ತು ಒಂದು ಗಂಟೆ ಪೂರ್ತಿ ನಲಿಕಲಿ (ಚಿಕ್ಕ ಮಕ್ಕಳು ಕಾರ್ಡ್, ಚಟುವಟಿಕೆಗಳ ಮೂಲಕ ಕಲಿಯುವ) ತರಗತಿಯಲ್ಲೇ ಕೂರಬೇಕು ಅಂದುಕೊಂಡಿದ್ದೆ. ಹೊಸದಾಗಿ ಬಂದ ಅತಿಥಿ ಶಿಕ್ಷಕಿ ಓದಿಸುವುದನ್ನು ನೋಡಬೇಕಿತ್ತು. ಹೋಗಿ ಚಾಪೆ ಮೇಲೆ ಕೂತೆ. ಒಬ್ಬ ಹುಡುಗಿ ಕಾರ್ಡ್ ಹಿಡಿದು 'ಮಣ್ಣು' ಅಂತ ಓದಬೇಕಾದಲ್ಲಿ 'ಮಣು' ಅಂದಳು. ಆಮೇಲೆ ಒತ್ತಕ್ಷರದ ಮೇಲೆ ಬೆರಳಿಟ್ಟು ಸುಮ್ನೆ ನೋಡುತ್ತಾ ನಿಂತಳು. ಅಷ್ಟರಲ್ಲಿ ಟೀಚರೇ ಓದಿಬಿಟ್ಟರು. ಸ್ವಲ್ಪ ಕಾದಿದ್ದರೆ ಆ ಮಗುವೇ ಓದುತ್ತಿತ್ತು. ಇದನ್ನು ಮಾತಾಡಬೇಕು ಅನ್ನುವಷ್ಟರಲ್ಲಿ ಫೋನ್ ಬಂತು. ಮೊಟ್ಟೆ ಲೆಕ್ಕ. ಆಮೇಲೆ ಸ್ಯಾಟ್ಸ್, ಅಂದರೆ ಮಕ್ಕಳ ಮಾಹಿತಿ ಆನ್‌ಲೈನ್‌ನಲ್ಲಿ ತುಂಬುವ ಕೆಲಸ. ಆಮೇಲೆ ಬಿಸಿಯೂಟದ ಗ್ಯಾಸ್ ಸಿಲಿಂಡರ್.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 2009ರ ಪ್ರಕಾರ 1ರಿಂದ 5ನೇ ತರಗತಿವರೆಗೆ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಐದು ಶಿಕ್ಷಕರ ಜೊತೆ ಒಬ್ಬ ಮುಖ್ಯ ಶಿಕ್ಷಕರು. ನಮ್ಮದು ಚಿಕ್ಕ ಶಾಲೆ. ಹಾಗಾಗಿ ಶಾಲೆ ನಡೆಸುವ ಜವಾಬ್ದಾರಿಯ ಜೊತೆ ಎರಡು ತರಗತಿಯ ಪಾಠವೂ ನನ್ನದೇ.

ಕುಷ್ಟಗಿ ಕಡೆ ಇನ್ನೊಂದು ಚಿಂತೆ ಗುಳೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಬೆಂಗಳೂರು, ಮಂಗಳೂರಿಗೆ ಹೋದ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ. ವಾಪಸ್ ಬಂದಾಗ ನಾಚಿಕೆಯಿಂದ ಹಿಂದಿನ ಸಾಲಲ್ಲಿ ಕೂರುತ್ತಾರೆ. ಅವರಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಶಿಕ್ಷಕರ ಜೊತೆ ಕೂತು ಯೋಚಿಸುವುದೇ ನನ್ನ ನಿಜವಾದ ಕೆಲಸ ಅಲ್ವಾ? ಅದಕ್ಕೇ ಟೈಮ್ ಸಿಗುತ್ತಿಲ್ಲ. ಇದು ನನಗೆ ತುಂಬಾ ಕಾಡುತ್ತೆ.

ಸಂಜೆ ಬಸ್ ಕಾಯುತ್ತಾ ಆ ಟೀಚರ್ ಜೊತೆ ಹತ್ತು ನಿಮಿಷ ಸಿಕ್ಕಿತು. 'ಮಣ್ಣು' ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾಳೆ ಕಾಯ್ತೀನ್ರಿ ಮೇಡಂ" ಅಂದರು.