ಅತ್ತೆಯ ಅಪ್ಪೆಮಿಡಿ ಮಾರಾಟ: ಎರಡನೇ ವರ್ಷದ ಲೆಕ್ಕಾಚಾರ

ಜನವರಿ

ಸಾಗರದ ಕಡೆ ಅತ್ತೆ ಹಾಕುವ ಮಿಡಿ ಉಪ್ಪಿನಕಾಯಿ ಮಾರಿಕೊಡುವ ಕೆಲಸ ಈ ವರ್ಷವೂ ನನ್ನದೇ. ಅಪ್ಪೆಮಿಡಿ ಅಂದರೆ ಮಲೆನಾಡಿನ ಪರಿಮಳದ ಎಳೆ ಮಾವಿನಕಾಯಿ. ಆಫೀಸು ಮುಗಿದ ಮೇಲಿನ ಹವ್ಯಾಸ ಅನ್ನಿ. ಹೋದ ವರ್ಷದ ಆರ್ಡರ್‌ಗಳನ್ನೆಲ್ಲ ಒಂದು ಶೀಟಿಗೆ ಹಾಕಿ ನೋಡಿದೆ. ಫೇಸ್‌ಬುಕ್ ಜಾಹೀರಾತು ನೋಡಿ ಬಂದವರಲ್ಲಿ ಹೆಚ್ಚಿನವರು ಒಮ್ಮೆ ಕೊಂಡು ಸುಮ್ಮನಾಗಿದ್ದಾರೆ. ಮತ್ತೆ ಮತ್ತೆ ಕೇಳಿದವರು ಮಲೆನಾಡು ಬಿಟ್ಟು ಬೆಂಗಳೂರು ಸೇರಿದವರು. ಇಲ್ಲವೇ ಅಂಥವರ ಮನೆಯಲ್ಲಿ ಉಂಡು ರುಚಿ ಹತ್ತಿದವರು.

ದೂರುಗಳನ್ನೂ ಓದಿದೆ. "ಎಣ್ಣೆನೇ ಇಲ್ವಲ್ಲ?" "ಕಾಯಿ ಯಾಕೆ ಚಿರುಟಿದೆ?" "ತೊಟ್ಟು ತೆಗೆದೇ ಇಲ್ಲ." ಇವೆಲ್ಲ ಒಳ್ಳೇ ಮಿಡಿ ಉಪ್ಪಿನಕಾಯಿಯ ಲಕ್ಷಣಗಳೇ! ಹರಳುಪ್ಪಿನಲ್ಲಿ ಮುಳುಗಿದ ಮಿಡಿ ನೀರು ಬಿಟ್ಟು ಚಿರುಟಲೇಬೇಕು. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಪರಿಮಳ ಇರುವುದೇ ಆ ಸೊನೆಯಲ್ಲಿ. ಆ ಉಪ್ಪುನೀರನ್ನೇ ಕುದಿಸಿ, ಆರಿಸಿ, ಸಾಸಿವೆ, ಮೆಣಸು, ಅರಿಶಿನದ ಜೊತೆ ಖಾರ ಬೀಸುತ್ತಾರೆ. ಎಣ್ಣೆಗೆ ಅಲ್ಲಿ ಕೆಲಸವೇ ಇಲ್ಲ.

ಅಂದರೆ ಜಾಹೀರಾತಿಗೆ ದುಡ್ಡು ಕೊಟ್ಟು ಕರೆದದ್ದು ಬೇರೆ ಉಪ್ಪಿನಕಾಯಿ ಬೇಕಾಗಿದ್ದವರನ್ನು.

ಫೆಬ್ರುವರಿ

ಮಿಡಿ ಕಾಲ ಶುರುವಾಗಿದೆ. ಅಪ್ಪೆ ಮರ ಹೊಳೆ ಬದಿಯಲ್ಲಿ, ಕಾಡಂಚಿನಲ್ಲಿ ತಾನಾಗಿ ಬೆಳೆದದ್ದು. ಒಂದು ವರ್ಷ ಮೈತುಂಬ ಬಿಟ್ಟರೆ ಇನ್ನೊಂದು ವರ್ಷ ಮುಖ ತಿರುಗಿಸುತ್ತದೆ. ಹೂವಿನ ಹೊತ್ತಿಗೆ ಮೋಡ ಕಟ್ಟಿದರಂತೂ ಕಥೆ ಮುಗೀತು. ಮರ ಅಲ್ಲಾಡಿಸಿ ಉದುರಿಸಿದ ಮಿಡಿ ಪೆಟ್ಟು ತಿಂದು ಭರಣಿಯಲ್ಲಿ ಕೊಳೆಯುತ್ತದೆ, ಹಾಗಾಗಿ ಮರ ಹತ್ತಿ ಕೊಯ್ಯುವವರೇ ಬೇಕು. ರಿಪ್ಪನ್‌ಪೇಟೆಯ ಮಾರುಕಟ್ಟೆಯಲ್ಲಿ ಮಿಡಿಯನ್ನು ತೂಗುವುದಿಲ್ಲ, ನೂರಕ್ಕೆ ಇಷ್ಟು ಅಂತ ಎಣಿಸಿ ಮಾರುತ್ತಾರೆ.

ಮಾರಾಟ ದುಪ್ಪಟ್ಟು ಮಾಡುವ ನನ್ನ ಪ್ಲಾನ್ ಕೇಳಿ ಅತ್ತೆ ನಕ್ಕರು. "ತಮಾ, ಮಿಡಿ ಸಿಕ್ಕದೇ ಕಷ್ಟ. ಗಿರಾಕಿ ಅಲ್ಲ."

ಇಡೀ ಮಾರ್ಕೆಟಿಂಗ್ ಯೋಚನೆ ಈ ಮಾತಿನ ಮೇಲೆ ನಿಲ್ಲಬೇಕು ಅನ್ನಿಸಿತು. ಭರಣಿಗಳು ಇಷ್ಟೇ, ಬಾಟಲಿಗಳೂ ಇಷ್ಟೇ. ಅವು ಯಾರ ಮನೆಗೆ, ಯಾವ ಬೆಲೆಗೆ ಹೋಗಬೇಕು ಅನ್ನುವುದೊಂದೇ ಪ್ರಶ್ನೆ. ಆಗ ಎಷ್ಟೋ ಕೆಲಸ ತಾನಾಗಿ ಉದುರಿತು. ಜಾಹೀರಾತು ಬಂದ್. ಡಿಸ್ಕೌಂಟ್ ಇಲ್ಲ. ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್ ಶೆಲ್ಫಿನಲ್ಲಿ ಜಾಗ ಕೊಡುತ್ತೇವೆ ಅಂದಿತ್ತು. ಮೂವತ್ತು ಪರ್ಸೆಂಟ್ ಮಾರ್ಜಿನ್ ಅವರದು, ದುಡ್ಡು ಮಾಲು ಹೋದ ಮೇಲೆ, ಉಳಿದದ್ದು ವಾಪಸ್. ಬೇಡ ಅಂದೆ. ಗೆಳೆಯನೊಬ್ಬ ಈಗಲೂ ಬೈಯುತ್ತಾನೆ, ದೊಡ್ಡ ಅವಕಾಶ ಕಳಕೊಂಡೆ ಅಂತ. ಶೆಲ್ಫ್ ತುಂಬಿಸಲು ಬೇಕಾದ ಮಿಡಿ ಯಾವ ಮರದಿಂದ ತರೋದು ಅಂತ ಮಾತ್ರ ಅವನು ಹೇಳಿಲ್ಲ.

ಮಾರ್ಚ್

ಹಳೇ ಗಿರಾಕಿಗಳಿಗಷ್ಟೇ ವಾಟ್ಸಾಪ್‌ನಲ್ಲಿ ಮುಂಗಡ ಬುಕಿಂಗ್. ಅರ್ಧ ದುಡ್ಡು ಈಗ, ಉಳಿದದ್ದು ಕಳಿಸುವಾಗ. ಈ ದುಡ್ಡಿನಲ್ಲೇ ಮಿಡಿ ಕೊಂಡೆವು, ಅತ್ತೆ ಸಂಘದಲ್ಲಿ ಸಾಲ ಎತ್ತಬೇಕಾಗಲಿಲ್ಲ. ಇದು ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ಲಾಭ. ಹೋದ ವರ್ಷ ಬಡ್ಡಿಗೇ ಒಂದಿಷ್ಟು ಬಾಟಲಿಗಳ ಗಳಿಕೆ ಹೋಗಿತ್ತು.

ಜೀರಿಗೆ ಅಪ್ಪೆಯನ್ನು ಬೇರೆ ಭರಣಿಗೆ ಹಾಕಿಸಿದೆ. ಮುರಿದರೆ ಜೀರಿಗೆ ವಾಸನೆ ಬರುವ ಮಿಡಿ ಅದು. ಬಲ್ಲವರು ಹೆಸರು ಹಿಡಿದೇ ಕೇಳುತ್ತಾರೆ, ಬೆಲೆ ಜಾಸ್ತಿ ಅಂದರೂ ಚೌಕಾಸಿ ಮಾಡುವುದಿಲ್ಲ. ಎಲ್ಲ ಮಿಡಿಯನ್ನೂ ಒಟ್ಟಿಗೆ ಹಾಕಿ ಒಂದೇ ರೇಟಿಗೆ ಮಾರುವುದು ಎಂಥ ನಷ್ಟ ಅಲ್ವಾ?

ಲೇಬಲ್ಲಿನ ಮುಂಭಾಗದಲ್ಲೇ, ದೊಡ್ಡ ಅಕ್ಷರದಲ್ಲಿ: "ಎಣ್ಣೆ ಹಾಕಿಲ್ಲ. ಮಿಡಿ ಚಿರುಟಿರುತ್ತದೆ. ತೊಟ್ಟು ಬೇಕೆಂದೇ ಬಿಟ್ಟಿದ್ದೇವೆ." ಪ್ರಿಂಟರಿನವರು ಎರಡು ಸಲ ಫೋನ್ ಮಾಡಿ ಕೇಳಿದರು, ಇದನ್ನೇ ಹಾಕೋದಾ ಸಾರ್ ಅಂತ. ಬೇಡದವರು ಓದಿ ಅಲ್ಲೇ ಬಿಡಲಿ ಅನ್ನುವುದು ಲೆಕ್ಕ. ಊರಿನವರಿಗೆ ಅದೇ ಸಾಲು ಬಾಯಲ್ಲಿ ನೀರು ತರಿಸುತ್ತದೆ.

ಜೂನ್

ಬುಕಿಂಗ್ ಭರ್ತಿ. ಮೊದಲ ಕಂತು ಹೋಗಿದೆ, ಎಣ್ಣೆ ಎಲ್ಲಿ ಅಂತ ಇನ್ನೂ ಯಾರೂ ಕೇಳಿಲ್ಲ. ಕೊರಿಯರ್‌ನಲ್ಲಿ ಮುಚ್ಚಳದ ಸಂದಿಯಿಂದ ಖಾರ ಸೋರುವ ರಗಳೆ ಮಾತ್ರ ಹಾಗೇ ಇದೆ. ಈಗ ಮುಚ್ಚಳದ ಒಳಗೆ ಸೀಲ್ ಇರುವ ಬಾಟಲಿಯ ಸ್ಯಾಂಪಲ್ ತರಿಸಿದ್ದೇನೆ. ಬೆಲೆ ಸ್ವಲ್ಪ ಜಾಸ್ತಿ.

ತೀರ್ಮಾನ ಆಗದೆ ಉಳಿದದ್ದು ಒಂದು. ದೀಪಾವಳಿ ಉಡುಗೊರೆಗೆ ಅಂತ ಒಂದು ಆಫೀಸಿನವರು ಸಣ್ಣ ಬಾಟಲಿ ಕೇಳಿದ್ದಾರೆ. ಒಳ್ಳೇ ದುಡ್ಡು. ಆದರೆ ಉಡುಗೊರೆ ಸಿಕ್ಕವರಿಗೆ ಮಿಡಿ ಗೊತ್ತಿರಬೇಕೆಂದೇನಿಲ್ಲ, ಅಷ್ಟು ಬಾಟಲಿ ಕೊಟ್ಟರೆ ಹಳಬರ ಎರಡನೇ ಕಂತಿಗೆ ಕೊರತೆ. ಅತ್ತೆ ಬೇಡ ಅಂದಿದ್ದಾರೆ. ನಾನು ಭಾನುವಾರ ಊರಿಗೆ ಹೋಗಿ, ಉಳಿದ ಭರಣಿಗಳನ್ನು ನೋಡಿಕೊಂಡು, ಆ ಆಫೀಸಿನವರಿಗೆ ಉತ್ತರ ಬರೆಯುತ್ತೇನೆ.