ದುಬೈ ಮನೆ: ನಾಲ್ಕನೇ ತಿಂಗಳು

ಮೊದಲ ವಾರ

ದುಬೈನಲ್ಲಿರೋ ಮಗ ಸೊಸೆ ಜೊತೆ ಕೂಡಿ ಅಲ್ಲಿ ಮನೆ ಕೊಳ್ಳೋಕೆ ಹೊರಟು ಇದು ನಾಲ್ಕನೇ ತಿಂಗಳು. ಕಟ್ಟುತ್ತಿರೋ ಅಪಾರ್ಟ್‌ಮೆಂಟೋ, ಯಾರೋ ಇದ್ದು ಮಾರ್ತಿರೋ ಮನೆಯೋ ಅನ್ನೋ ಜಗ್ಗಾಟ ಮುಗೀತು. ಹಳೇದೇ.

ಮಗನಿಗೆ ಹೊಸದರ ಮೇಲೆ ಮನಸ್ಸಿತ್ತು. ಕಂತಲ್ಲಿ ಕಟ್ಟಬಹುದು. ಅಲ್ಲಿ 2007ರ ಕಾನೂನಿನಂತೆ ಕೊಳ್ಳೋರ ದುಡ್ಡು ಎಸ್ಕ್ರೋ ಖಾತೆಗೆ (ಬಿಲ್ಡರ್ ತನಗೆ ಬೇಕಾದಂಗೆ ಮುಟ್ಟೋಕಾಗದ ಖಾತೆ) ಬಿದ್ದು, ಕೆಲಸ ಆದಂಗೆಲ್ಲ ಬಿಲ್ಡರ್‌ಗೆ ಬಿಡುಗಡೆ ಆಗುತ್ತೆ. ಕಟ್ಟಡ ಮುಗಿಯೋ ಮುಂಚೆನೇ ಖರೀದಿಯನ್ನ 'ಊಕೂದ್' ಅಂತ ನೋಂದಾಯಿಸ್ತಾರೆ. ಇದೆಲ್ಲ ಒಳ್ಳೇ ಏರ್ಪಾಡೇ. ಆದರೆ ಕೀಲಿ ಕೈಗೆ ಬರೋದು ಎರಡು ಮೂರು ವರ್ಷಕ್ಕೆ. "ಅತ್ತೆ, ಅಲ್ಲೀತನಕ ಬಾಡಿಗೆನೂ ಕಟ್ಟಿ ಕಂತೂ ಕಟ್ಟೋದು ಹೆಂಗೆ?" ಅಂದಳು ಸೊಸೆ. ಅವಳ ಮಾತೇ ಗೆದ್ದಿತು.

ಎರಡನೇ ವಾರ

ಇಡೀ ವಾರ ದುಡ್ಡು ಕಳಿಸೋ ಲೆಕ್ಕದಲ್ಲೇ ಹೋಯ್ತು. ಮನೆಯ ಬೆಲೆಯಲ್ಲಿ, ಹದಡಿ ರಸ್ತೆಯ ಸೈಟು ಮಾರಿ ಬಂದಿದ್ದರಿಂದ ಕೊಡೋ 60 ಲಕ್ಷ ನಮ್ಮ ಪಾಲು, ಉಳಿದದ್ದು ಮಗಂದು. ಇಲ್ಲಿ ವಾಸ ಇರೋರು ಒಬ್ಬೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು, ಆ ಮಿತಿಯೊಳಗೇ ಇದ್ದೀವಿ. ತೊಡಕು ಟಿಸಿಎಸ್‌ದು, ಅಂದ್ರೆ ದುಡ್ಡು ಕಳಿಸೋವಾಗ್ಲೇ ಬ್ಯಾಂಕು ಮುಂಗಡವಾಗಿ ವಸೂಲು ಮಾಡೋ ತೆರಿಗೆ. ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಕಳಿಸೋ ಮೊತ್ತಕ್ಕೆ ಬ್ಯಾಂಕು ಹೆಚ್ಚುವರಿಯಾಗಿ 20% ಇಸ್ಕೊಳ್ಳುತ್ತೆ. ನಮ್ಮನೆಯವರ ಒಬ್ಬರ ಹೆಸರಲ್ಲೇ ಕಳಿಸಿದ್ರೆ ಟಿಸಿಎಸ್ 10 ಲಕ್ಷ. ಇಬ್ಬರೂ ಮೂವತ್ತು ಮೂವತ್ತು ಕಳಿಸಿದ್ರೆ ತಲೆಗೆ 4, ಒಟ್ಟು 8 ಲಕ್ಷ. ರಿಟರ್ನ್ಸ್‌ನಲ್ಲಿ ಅದನ್ನ ನಮ್ಮ ತೆರಿಗೆಗೆ ಹೊಂದಿಸಿ ಉಳಿದದ್ದನ್ನ ವಾಪಸ್ ಕೊಡ್ತಾರೆ, ಆದರೆ ಕಳಿಸೋ ದಿನ ಕೈಲಿರಬೇಕಲ್ಲ. ಇದಕ್ಕೆ ಬ್ಯಾಂಕಿನ ಸಾಲನೂ ಸಿಗಲ್ಲ.

ಹಂಗೆ ಇಬ್ಬರೂ ಕೂಡಿ ಕಳಿಸಬೇಕಂದ್ರೆ ಇಬ್ಬರೂ ಆ ಮನೆಗೆ ಒಡೆಯರಾಗಿರಬೇಕು. ಅಂದ್ರೆ ಹಕ್ಕುಪತ್ರದಲ್ಲಿ ಮಗನ ಹೆಸರು, ನಮ್ಮನೆಯವರ ಹೆಸರು, ಜೊತೆಗೆ ನನ್ನದೂ. ಸೈಟು ಜಂಟಿ ಹೆಸರಲ್ಲಿತ್ತು, ನನ್ನ ಮೂವತ್ತೊಂದು ವರ್ಷದ ಮೇಷ್ಟ್ರಗಿರಿ ಸಂಬಳನೂ ಅದರೊಳಗಿತ್ತು. ನಿಯಮ ಹಿಂಗಿದೆ ಅಂತ ಗೊತ್ತಾದಾಗ ನನಗೆ ನಿಜಕ್ಕೂ ಖುಷಿಯಾಯ್ತು.

ಒಂದು ಪೆಟ್ಟು ಮಾತ್ರ ತಪ್ಪಲಿಲ್ಲ. ಸೈಟು ಮಾರಿದ ದುಡ್ಡಲ್ಲಿ ಮನೆ ಕೊಂಡರೆ ಸಿಗೋ ತೆರಿಗೆ ವಿನಾಯಿತಿ ಭಾರತದೊಳಗಿನ ಮನೆಗೆ ಮಾತ್ರ. ಮಾರೋ ಮುಂಚೆ ಆಡಿಟರ್ ಹತ್ರ ಹೋಗಬೇಕಿತ್ತು, ನಾವು ಹೋಗಿದ್ದು ಮಾರಿದ ಮೇಲೆ.

ಮೂರನೇ ವಾರ

ವಿಡಿಯೋ ಕಾಲ್‌ನಲ್ಲಿ ಆರನೇ ಮನೆ ನೋಡಿದ್ವಿ. ಅಲ್ಲಿ ಸಂಜೆ ನಾಲ್ಕು, ಇಲ್ಲಿ ಐದೂವರೆ, ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ವಿ. ಬಿಸಿಲಿನ ಹೊತ್ತಲ್ಲೇ ತೋರಿಸು ಅಂತ ನಾನೇ ಹೇಳಿದ್ದೆ. ಸೊಸೆ ಪಡುವಣ ಕಡೆಯ ಗಾಜಿನ ಮೇಲೆ ಅಂಗೈ ಇಟ್ಟವಳು ತಕ್ಷಣ ತೆಗೆದಳು. ಸೂರಿನಲ್ಲಿ ಏಸಿ ಗಾಳಿ ಬರೋ ಕಿಂಡಿ ಪಕ್ಕ ಚಹಾ ಚೆಲ್ಲಿದ ಹಂಗೆ ಹಳದಿ ಕಲೆ, ಸುತ್ತ ಸುಣ್ಣ ಉಬ್ಬಿತ್ತು. ಏಜೆಂಟರು ಅದರ ಕೆಳಗೇ ನಿಂತು ಸಮುದ್ರ ಎಷ್ಟು ಹತ್ರ ಅಂತ ಹೇಳ್ತಿದ್ರು. "ಬ್ಯಾಡ ಬಿಡವ್ವ" ಅಂದ್ರು ನಮ್ಮನೆಯವರು.

ಏಳನೇದು ಹಿಡಿಸ್ತು. ಉತ್ತರ ದಿಕ್ಕಿನ ಕಿಟಕಿ, ಅಡುಗೆಮನೆಗೆ ಬಾಗಿಲಿದೆ (ಒಗ್ಗರಣೆ ಹಾಕೋರಿಗೆ ಇದು ಸಣ್ಣ ವಿಷಯ ಅಲ್ಲ), ನಲ್ಲಿ ಪೂರಾ ಬಿಟ್ಟರೂ ನೀರಿನ ರಭಸ ಇಳೀಲಿಲ್ಲ. ಏಸಿಗೆ ಹೊರಗಿಂದ ಬರೋ ತಣ್ಣೀರಿನ ಬಿಲ್ಲು ಬೇರೆ ಬರುತ್ತೋ, ಸರ್ವಿಸ್ ಚಾರ್ಜ್‌ನಲ್ಲೇ (ಕಟ್ಟಡದ ನಿರ್ವಹಣೆ ಶುಲ್ಕ) ಸೇರಿದೆಯೋ ಅಂತ ಬಾಯಿಮಾತಲ್ಲಿ ಕೇಳಿ ಸುಮ್ಮನಾಗದೆ ಹಳೇ ಬಿಲ್ಲು ತರಿಸಿ ನೋಡಿದ್ವಿ.

ನಾಲ್ಕನೇ ವಾರ

ಕರಾರಿಗೆ ಮಗ ಸಹಿ ಹಾಕಿ ಬೆಲೆಯ 10%ಗೆ ಚೆಕ್ ಕೊಟ್ಟಿದ್ದಾನೆ. ಬಿಲ್ಡರ್ ಕಡೆಯ ಎನ್‌ಒಸಿ (ಮಾರೋಕೆ ಅಡ್ಡಿ ಇಲ್ಲ ಅನ್ನೋ ಪತ್ರ) ನಿಂತಿದೆ. ಮಾರೋರು ಎರಡು ಸಲದ ಸರ್ವಿಸ್ ಚಾರ್ಜ್ ಬಾಕಿ ಇಟ್ಟಿದ್ದನ್ನ ನಮಗೆ ಹೇಳಿರಲಿಲ್ಲ. ಅವರು ಅದನ್ನ ತೀರಿಸೋವರೆಗೂ ವರ್ಗಾವಣೆ ಇಲ್ಲ. ಆಮೇಲೆ ಭೂ ಇಲಾಖೆಗೆ ಬೆಲೆಯ 4%, ಏಜೆಂಟರಿಗೆ 2%, ಅದರ ಮೇಲೆ ವ್ಯಾಟ್.

ನಮ್ಮಿಬ್ಬರ ಸಹಿಗೆ ಮಗನ ಹೆಸರಲ್ಲಿ ಮುಖ್ತ್ಯಾರನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸೋಣ ಅಂತಿದ್ವಿ. ಇಲ್ಲಿ ನೋಟರಿ, ಆಮೇಲೆ ರಾಜ್ಯದ್ದು, ವಿದೇಶಾಂಗ ಇಲಾಖೆಯದು, ಯುಎಇ ರಾಯಭಾರ ಕಚೇರಿಯದು ಅಂತ ಮುದ್ರೆ ಮೇಲೆ ಮುದ್ರೆ, ಅಲ್ಲಿಗೆ ಹೋದ ಮೇಲೆ ಅರಬ್ಬಿಗೆ ಅನುವಾದ. ಅಷ್ಟು ಓಡಾಡೋ ಬದಲು ನಾವೇ ಹೋಗಿ ಸಹಿ ಹಾಕ್ತೀವಿ. ನನ್ನ ಪಾಸ್‌ಪೋರ್ಟ್‌ನ ಅವಧಿ ಮುಗಿದಿದೆ. ಸೋಮವಾರ ಅರ್ಜಿ ಹಾಕ್ಬೇಕು.